ಮರ ಹತ್ತಿ ಕೊಂಬೆ ಕಡಿಯುವ ಕೆಲಸ: ಸಲಕರಣೆ ಆರಿಸುವುದು ಹೇಗೆ, ನೋಡಿಕೊಳ್ಳುವುದು ಹೇಗೆ – ಸಮಗ್ರ ಮಾರ್ಗದರ್ಶಿ

ಮರ ಹತ್ತಿ ಕೊಂಬೆ ಸವರುವ ಕೆಲಸಕ್ಕೆ ಇಳಿಯುವವರು ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಯಾವ ಚೈನ್ ಸಾ ತಗೊಳ್ಳಲಿ? ನನ್ನನ್ನು ಕೇಳಿದರೆ ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೈಮೇಲೆ ಹಾಕಿಕೊಳ್ಳುವುದು ಮೊದಲು. ಮೈಯನ್ನು ಹಿಡಿದಿಡುವ ಹಗ್ಗ ಆಮೇಲೆ. ಅದಾದ ಮೇಲೆ ಕೈಗರಗಸ. ಎಂಜಿನ್ ಇರುವ ಯಂತ್ರದ ಸರದಿ ಎಲ್ಲಕ್ಕಿಂತ ಕೊನೆಗೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗಲಂತೂ ಈ ಕ್ರಮ ತಪ್ಪಬಾರದು. ಗರಗಸ ಸಣ್ಣದಾದರೆ ಕೆಲಸ ನಿಧಾನವಾಗುತ್ತದೆ, ಅಷ್ಟೇ. ಹಗ್ಗ ಕೆಟ್ಟದ್ದಾದರೆ ಕತೆಯೇ ಬೇರೆ.

ಈ ಬರಹವೂ ಅದೇ ಕ್ರಮದಲ್ಲಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಸಲಕರಣೆ ಆರಿಸುವುದನ್ನು, ನೋಡಿಕೊಳ್ಳುವುದನ್ನು ಓದಿ ಕಲಿಯಬಹುದು. ಮರ ಹತ್ತುವುದನ್ನು ಓದಿ ಕಲಿಯೋಕೆ ಆಗಲ್ಲ. ಅದಕ್ಕೆ ಬಲ್ಲವರ ಜೊತೆ ನೆಲದಿಂದ ಒಂದಾಳೆತ್ತರದಲ್ಲೇ ಅಭ್ಯಾಸ ಮಾಡಬೇಕು.

ಮೈಮೇಲಿನ ರಕ್ಷಣೆ

ಹೆಲ್ಮೆಟ್‌ನಿಂದ ಶುರು ಮಾಡೋಣ. ಕಟ್ಟಡ ಕೆಲಸದ ಹೆಲ್ಮೆಟ್ ಸಾಕಲ್ವಾ ಎಂದು ಎಷ್ಟೋ ಜನ ಕೇಳುತ್ತಾರೆ. ನೆಲದ ಮೇಲೆ ನಿಂತು ಕೊಂಬೆ ಎಳೆಯುವವರಿಗೆ ಸಾಕು, ಮರದ ಮೇಲಿರುವವರಿಗೆ ಸಾಲದು. ವ್ಯತ್ಯಾಸ ಇರುವುದು ಗಲ್ಲದ ಪಟ್ಟಿಯಲ್ಲಿ. ಇಎನ್ (ಅಂದರೆ ಯುರೋಪಿನ ಗುಣಮಟ್ಟ) 397 ಗುರುತಿನ ಕಟ್ಟಡ ಹೆಲ್ಮೆಟ್‌ನ ಪಟ್ಟಿ 150ರಿಂದ 250 ನ್ಯೂಟನ್ ಎಳೆತಕ್ಕೆ ತಾನಾಗಿ ಬಿಟ್ಟುಕೊಳ್ಳಬೇಕು ಎಂಬ ನಿಯಮವಿದೆ. ಹೆಲ್ಮೆಟ್ ಎಲ್ಲಾದರೂ ಸಿಕ್ಕಿಕೊಂಡರೆ ಕತ್ತು ಬಿಗಿಯಬಾರದು ಅಂತ. ಇಎನ್ 12492 ಗುರುತಿನ ಹತ್ತುವವರ ಹೆಲ್ಮೆಟ್‌ನಲ್ಲಿ ಪಟ್ಟಿ 500 ನ್ಯೂಟನ್ ಎಳೆತವನ್ನೂ ತಡೆಯಬೇಕು. ಬೀಳುವಾಗ ಮೊದಲ ಏಟಿಗೇ ಹೆಲ್ಮೆಟ್ ಹಾರಿಹೋದರೆ ಎರಡನೇ ಏಟಿಗೆ ತಲೆ ಬರಿದಾಗಿರುತ್ತದೆ. ಕೊಳ್ಳುವಾಗ ಒಳಭಾಗದಲ್ಲಿ ಅಚ್ಚಾಗಿರುವ ಈ ಸಂಖ್ಯೆಯನ್ನು, ತಯಾರಾದ ವರ್ಷವನ್ನು ನೋಡಿ. ಹೆಲ್ಮೆಟ್ ಮೇಲೆ ಬಣ್ಣ ಬಳಿಯಬೇಡಿ, ಸಿಕ್ಕ ಸ್ಟಿಕ್ಕರ್ ಅಂಟಿಸಬೇಡಿ. ಕೆಲವು ಅಂಟು, ಥಿನ್ನರ್‌ಗಳು ಪ್ಲಾಸ್ಟಿಕ್ಕನ್ನು ತಿಂದುಹಾಕುತ್ತವೆ.

ಚೈನ್ ಸಾ ಹಿಡಿದವರ ಕಿವಿಗೆ ಬೀಳುವ ಸದ್ದು 110 ಡೆಸಿಬೆಲ್ ಆಸುಪಾಸು ಇರುತ್ತದೆ. ಕಿವಿ ಮುಚ್ಚಳ, ಕಣ್ಣಿಗೆ ಜಾಲರಿ ಅಥವಾ ಕನ್ನಡಕ ಇಲ್ಲದೆ ಎಂಜಿನ್ ಚಾಲೂ ಮಾಡಲೇಬೇಡಿ.

ಚೈನ್ ಸಾ ಪ್ಯಾಂಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇದರ ಒಳಗೆ ಸಡಿಲವಾಗಿ ಜೋಡಿಸಿದ ಉದ್ದುದ್ದ ನಾರುಗಳ ಪದರಗಳಿರುತ್ತವೆ. ಚೈನ್ ತಾಗಿದ ಕೂಡಲೇ ನಾರು ಹೊರಗೆಳೆದುಕೊಂಡು ಸ್ಪ್ರಾಕೆಟ್‌ಗೆ, ಅಂದರೆ ಚೈನ್ ತಿರುಗಿಸುವ ಹಲ್ಲುಚಕ್ರಕ್ಕೆ, ಸುತ್ತಿಕೊಳ್ಳುತ್ತದೆ, ಚೈನ್ ನಿಂತುಹೋಗುತ್ತದೆ. ಎಷ್ಟು ವೇಗದ ಚೈನನ್ನು ತಡೆಯುತ್ತದೆ ಎಂಬುದರ ಮೇಲೆ ವರ್ಗಗಳಿವೆ: ವರ್ಗ 1 ಅಂದರೆ ಸೆಕೆಂಡಿಗೆ 20 ಮೀಟರ್, ವರ್ಗ 2 ಅಂದರೆ 24, ವರ್ಗ 3 ಅಂದರೆ 28. ಇನ್ನೊಂದು ಭೇದ ಟೈಪ್ ಎ ಮತ್ತು ಟೈಪ್ ಸಿ. ಟೈಪ್ ಎ ಮುಂಭಾಗಕ್ಕೆ ಮಾತ್ರ ರಕ್ಷಣೆ ಕೊಡುತ್ತದೆ, ನೆಲದ ಕೆಲಸಕ್ಕೆ ಸರಿ. ಮರದ ಮೇಲೆ ಕಾಲು ಯಾವ ದಿಕ್ಕಿಗೆ ತಿರುಗಿರುತ್ತದೋ ಹೇಳೋಕಾಗಲ್ಲ, ಹಾಗಾಗಿ ಹತ್ತುವವರಿಗೆ ಸುತ್ತಲೂ ರಕ್ಷಣೆ ಇರುವ ಟೈಪ್ ಸಿ. ಸೆಕೆ ಜಾಸ್ತಿ, ನಿಜ. ಬ್ಯಾಟರಿ ಗರಗಸ ಬಳಸುವವರು ಗಮನಿಸಿ: ನಾರು ಸಿಕ್ಕಿಕೊಂಡರೆ ಪೆಟ್ರೋಲ್ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಜೋರು ಮೋಟಾರಿನ ಬ್ಯಾಟರಿ ಗರಗಸ ಅಷ್ಟು ಸುಲಭಕ್ಕೆ ನಿಲ್ಲದೇ ಹೋಗಬಹುದು. ಪ್ಯಾಂಟ್ ಮೇಲೆ ಪೂರ್ತಿ ಭರವಸೆ ಇಡಬೇಡಿ.

ಪ್ಯಾಂಟನ್ನು ಆಗಾಗ ಒಗೆಯಿರಿ. ಸೊನೆ, ಎಣ್ಣೆ ಕುಡಿದ ನಾರು ಒಂದಕ್ಕೊಂದು ಅಂಟಿಕೊಂಡು ಹೊರಗೆಳೆದು ಬರುವುದಿಲ್ಲ. ಹೊರಬಟ್ಟೆ ಹರಿದರೆ ಮೇಲಿನ ಬಟ್ಟೆಗಷ್ಟೇ ತೇಪೆ ಹಾಕಿ. ಸೂಜಿ ಒಳಪದರಕ್ಕೆ ಹೋದರೆ ನಾರು ಅಲ್ಲೇ ಕಟ್ಟುಬೀಳುತ್ತದೆ. ಚೈನ್ ತಾಗಿ ಒಳನಾರು ಕತ್ತರಿಸಿದ್ದರೆ ಆ ಪ್ಯಾಂಟಿನ ಆಯಸ್ಸು ಮುಗಿಯಿತು.

ಹಗ್ಗ, ಹಾರ್ನೆಸ್, ಕ್ಯಾರಬಿನರ್

ಬಂಡೆ ಹತ್ತುವವರ ಹಗ್ಗ ಹಿಗ್ಗುತ್ತದೆ, ಬಿದ್ದಾಗ ಏಟು ತಗ್ಗಿಸಲೆಂದೇ ಹಾಗೆ ಮಾಡಿರುತ್ತಾರೆ. ಮರದ ಕೆಲಸಕ್ಕೆ ಹಿಗ್ಗುವ ಹಗ್ಗ ತಂದರೆ ಒಂದೇ ಜಾಗದಲ್ಲಿ ನಿಲ್ಲೋಕೇ ಆಗಲ್ಲ. ಇಲ್ಲಿ ಬೇಕಾದ್ದು ಕಡಿಮೆ ಹಿಗ್ಗುವ, ಒಳಗೆ ತಿರುಳು, ಹೊರಗೆ ಹೆಣೆದ ಕವಚ ಇರುವ ಹಗ್ಗ. ಇಎನ್ 1891 ಟೈಪ್ ಎ ಗುರುತು ನೋಡಿ. ಅದಕ್ಕೆ ಕನಿಷ್ಠ 22 ಕಿಲೋನ್ಯೂಟನ್ ತಾಕತ್ತಿರಬೇಕು. ದಪ್ಪ 11ರಿಂದ 13 ಮಿ.ಮೀ. ನಡುವೆ ಇರಲಿ. ಹೊಸಬರಿಗೆ 12 ಅಥವಾ 13 ಒಳ್ಳೆಯದು, ಕೈಗೆ ಹಿಡಿತ ಸಿಗುತ್ತದೆ. ಆದರೆ ಸುಮ್ನೆ ದಪ್ಪ ನೋಡಿ ಕೊಳ್ಳಬೇಡಿ. ಹಗ್ಗವನ್ನು ಹಿಡಿದುಕೊಳ್ಳಲು ನೀವು ಹಾಕುವ ಗಂಟಿನ ಹುರಿ ಅಥವಾ ಬಳಸುವ ಲೋಹದ ಸಾಧನ ಯಾವ ದಪ್ಪದ ಹಗ್ಗಕ್ಕೆ ಹೊಂದುತ್ತದೆ ಎಂದು ಅದರ ಮೇಲೇ ಬರೆದಿರುತ್ತದೆ. ಅದಕ್ಕೆ ಸರಿಹೊಂದುವ ಹಗ್ಗವೇ ನಿಮ್ಮ ಹಗ್ಗ.

ಹಗ್ಗದ ದೊಡ್ಡ ಶತ್ರು ಬಿಸಿ. ಇಳಿಯುವಾಗ ಗಂಟು ಹಗ್ಗದ ಮೇಲೆ ಉಜ್ಜಿ ಕಾಯುತ್ತದೆ. ನೈಲಾನ್ ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಾಲಿಯೆಸ್ಟರ್ 250ರ ಮೇಲೆ ಕರಗುತ್ತದೆ. ತುಂಬ ಗಟ್ಟಿ ಎಂದು ಹೆಸರಾದ ಡೈನೀಮಾ ನಾರು 145ರ ಆಸುಪಾಸಿನಲ್ಲೇ ಕರಗುತ್ತದೆ. ಅದಕ್ಕೇ ಉಜ್ಜುವ ಗಂಟಿಗೆ, ಅಂದರೆ ಪ್ರುಸಿಕ್ ಜಾತಿಯ ಗಂಟುಗಳಿಗೆ, ಕರಗದ ಅರಾಮಿಡ್ ನಾರಿನ ಕವಚ ಇರುವ ಹುರಿ ಬಳಸುತ್ತಾರೆ. ಡೈನೀಮಾ ಹುರಿ ಎಷ್ಟೇ ಬಲವಾಗಿದ್ದರೂ ಈ ಕೆಲಸಕ್ಕೆ ಬೇಡ. ಹುರಿ ಯಾವುದೇ ಇರಲಿ, ಸರ್ರನೆ ಜಾರಿ ಇಳಿಯುವ ಚಟ ಬಿಡಿ.

ಪ್ರತಿ ಸಲ ಹತ್ತುವ ಮುಂಚೆ ಹಗ್ಗವನ್ನು ತುದಿಯಿಂದ ತುದಿಗೆ ಬರಿಗೈಯಲ್ಲಿ ಹಾಯಿಸಬೇಕು. ಗ್ಲೋವ್ಸ್ ಬೇಡ. ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ. ಒಂದು ಅಡಿಯಷ್ಟು ಹಗ್ಗವನ್ನು ಎರಡು ಕೈಯಲ್ಲಿ ಹಿಡಿದು ಕುಣಿಕೆಯಂತೆ ಬಗ್ಗಿಸಿ. ಬಾಗು ಎಲ್ಲಾ ಕಡೆ ಒಂದೇ ಸಮ ದುಂಡಗಿರಬೇಕು. ಎಲ್ಲೋ ಒಂದು ಕಡೆ ಫಕ್ಕನೆ ಮಡಚಿಕೊಂಡರೆ ಒಳತಿರುಳು ಅಲ್ಲಿ ಮುರಿದಿದೆ. ಉಬ್ಬಿದ್ದರೆ ತಿರುಳು ಜರುಗಿದೆ. ಹೊಳಪು ಬಂದು ಗಟ್ಟಿಯಾದ ಜಾಗ ಸಿಕ್ಕರೆ ಅಲ್ಲಿ ನಾರು ಕರಗಿದೆ. ಕವಚದ ಮೇಲೆ ಸಣ್ಣ ರೋಮದಂತೆ ಎದ್ದಿರುವುದು ಬಳಕೆಯ ಗುರುತು, ಅದಕ್ಕೆ ಗಾಬರಿ ಬೇಡ. ಒಳಗಿನ ಬಿಳಿ ತಿರುಳು ಕಾಣಿಸಿದರೆ ಮಾತ್ರ ಮರುಮಾತಿಲ್ಲ, ಆ ಹಗ್ಗದಲ್ಲಿ ಮತ್ತೆ ಹತ್ತಬಾರದು. ಕೆಟ್ಟ ಜಾಗ ತುದಿಯ ಹತ್ತಿರ ಇದ್ದರೆ ಅಲ್ಲಿವರೆಗೆ ಕತ್ತರಿಸಿ ಉಳಿದದ್ದನ್ನು ಬಳಸಬಹುದು. ನಡುವೆ ಇದ್ದರೆ ಇಡೀ ಹಗ್ಗ ಹೋಯಿತು. ಅದನ್ನು ಮೊಳದುದ್ದ ತುಂಡು ಮಾಡಿ ಎಸೆಯಿರಿ. ಹಾಗೇ ಮೂಲೆಗಿಟ್ಟರೆ ಇನ್ಯಾರೋ ಎತ್ತಿಕೊಂಡು ಹತ್ತುತ್ತಾರೆ.

ಕೊಳೆಯಾದ ಹಗ್ಗವನ್ನು ಉಗುರು ಬೆಚ್ಚಗಿನ ನೀರು, ಮೆದು ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬ್ಲೀಚ್ ಬೇಡವೇ ಬೇಡ. ವಾಹನದಲ್ಲಿ ಹಗ್ಗ ಮತ್ತು ಬ್ಯಾಟರಿ ಒಟ್ಟಿಗೆ ಇಡಬೇಡಿ, ಪೆಟ್ರೋಲ್ ಕ್ಯಾನ್ ಪಕ್ಕದಲ್ಲೂ ಬೇಡ. ಆಸಿಡ್ ತಾಗಿದ ನೈಲಾನ್ ಹೊರಗೆ ಚೆನ್ನಾಗೇ ಕಾಣಬಹುದು, ಒಳಗೆ ಸತ್ವ ಇರುವುದಿಲ್ಲ. ಹಗ್ಗವನ್ನು ನೇರ ಕೊಂಬೆಯ ಕವಲಿಗೆ ಹಾಕಿ ಎಳೆದಾಡುವ ಬದಲು ಎರಡು ಬಳೆಗಳಿರುವ ಪಟ್ಟಿ, ಅಂದರೆ ಫ್ರಿಕ್ಷನ್ ಸೇವರ್ ಬಳಸಿ. ಹಗ್ಗವೂ ಉಳಿಯುತ್ತದೆ, ಮರದ ತೊಗಟೆಯೂ ಉಳಿಯುತ್ತದೆ.

ಹಾರ್ನೆಸ್, ಅಂದರೆ ಸೊಂಟ ತೊಡೆಗೆ ಕಟ್ಟಿಕೊಳ್ಳುವ ಪಟ್ಟಿಗಳ ಜೋಡಣೆ, ಕೊಳ್ಳುವಾಗ ಅಂಗಡಿಯಲ್ಲೇ ಹಾಕಿಕೊಂಡು ಹತ್ತು ನಿಮಿಷ ನೇತಾಡಿ ನೋಡಿ. ನಿಂತು ನೋಡಿದಾಗ ಹಿತವಾದದ್ದು ಕೂತಾಗ ತೊಡೆ ಕೊರೆಯಬಹುದು. ಆಮೇಲೆ ಪರೀಕ್ಷಿಸಬೇಕಾದ್ದು ಹೊಲಿಗೆಯನ್ನು. ಹೊಲಿಗೆ ದಾರ ಪಟ್ಟಿಗಿಂತ ಬೇರೆ ಬಣ್ಣದ್ದಾಗಿದ್ದರೆ ಕಿತ್ತದ್ದು ತಕ್ಷಣ ಕಣ್ಣಿಗೆ ಬೀಳುತ್ತದೆ. ಕ್ಯಾರಬಿನರ್‌ಗಳು, ಅಂದರೆ ಹಗ್ಗವನ್ನು ಹಾರ್ನೆಸ್‌ಗೆ ಜೋಡಿಸುವ ಬಾಗಿಲಿನ ಕೊಂಡಿಗಳು, ಇಎನ್ 362 ಗುರುತಿನವಾಗಿರಲಿ, ಬಾಗಿಲು ತೆರೆಯಲು ಮೂರು ಬೇರೆ ಬೇರೆ ಚಲನೆ ಬೇಕಾಗುವಂಥವಾಗಿರಲಿ. ರೆಂಬೆಗೆ ಉಜ್ಜಿ ತಾನಾಗಿ ತೆರೆದುಕೊಳ್ಳಬಾರದು, ಅಷ್ಟಕ್ಕೇ ಈ ಮೂರು ಹೆಜ್ಜೆ. ಬಾಗಿಲನ್ನು ತೆರೆದು ಕೈಬಿಡಿ. ಟಕ್ ಎಂದು ತಾನಾಗಿ ಮುಚ್ಚಿ ಲಾಕ್ ಆಗಬೇಕು. ಆಗದಿದ್ದರೆ ಬೆಚ್ಚಗಿನ ನೀರಲ್ಲಿ ತೊಳೆದು, ಒಣಗಿಸಿ, ಒಂದು ಹನಿ ಎಣ್ಣೆ ಬಿಡಿ. ಆಗಲೂ ಸರಿಹೋಗದಿದ್ದರೆ ಎಸೆಯಿರಿ.

ಮರದ ಮೇಲೆ ಚೈನ್ ಸಾ ಬಳಸುವಾಗ ಹತ್ತುವ ಹಗ್ಗದ ಜೊತೆಗೆ ಇನ್ನೊಂದು ಲ್ಯಾನ್ಯಾರ್ಡ್‌ನಿಂದಲೂ, ಅಂದರೆ ಮರವನ್ನು ಬಳಸಿ ಹಾರ್ನೆಸ್‌ಗೆ ಸಿಕ್ಕಿಸುವ ಗಿಡ್ಡ ಹಗ್ಗದಿಂದಲೂ, ಮರಕ್ಕೆ ಕಟ್ಟಿಕೊಂಡಿರಬೇಕು. ಒಂದನ್ನು ಗರಗಸ ಕತ್ತರಿಸಿದರೂ ಇನ್ನೊಂದು ಹಿಡಿಯುತ್ತದೆ. ಆ ಲ್ಯಾನ್ಯಾರ್ಡ್ ಒಳಗೆ ಉಕ್ಕಿನ ತಂತಿ ಇರುವಂಥದ್ದಾದರೆ ಇನ್ನೂ ಒಳ್ಳೆಯದು. ತಂತಿ ಇದೆ ಅಂತ ಗರಗಸ ತಾಗಿಸಿ ನೋಡಬೇಡಿ, ಅದೂ ಕತ್ತರಿಸುತ್ತದೆ. ವಿದ್ಯುತ್ ತಂತಿ ಹತ್ತಿರವಿದ್ದರೆ ಅಲ್ಲಿ ಉಕ್ಕಿನ ಲ್ಯಾನ್ಯಾರ್ಡ್ ಬಳಸುವಂತಿಲ್ಲ.

ಬೂಟಿಗೆ ಕಟ್ಟುವ ಮುಳ್ಳು, ಅಂದರೆ ಸ್ಪರ್, ಕಡಿದು ಉರುಳಿಸುವ ಮರಕ್ಕೆ ಮಾತ್ರ. ಉಳಿಯಬೇಕಾದ ಮರಕ್ಕೆ ಮುಳ್ಳು ಚುಚ್ಚಿ ಹತ್ತಿದರೆ ಪ್ರತಿ ಹೆಜ್ಜೆಯೂ ಒಂದು ಗಾಯ, ರೋಗಕ್ಕೆ ಒಂದು ಬಾಗಿಲು. ಮುಳ್ಳನ್ನು ಹರಿತ ಮಾಡುವಾಗ ಕೈ ಅರ ಬಳಸಿ. ಗ್ರೈಂಡರ್‌ಗೆ ಹಿಡಿದರೆ ಉಕ್ಕು ಕಾಯ್ದು ಹದ ಕಳೆದುಕೊಳ್ಳುತ್ತದೆ.

ಕೈಗರಗಸ ಮತ್ತು ಕತ್ತರಿ

ಬಾಗಿದ ಅಲಗಿನ, ಎಳೆದಾಗ ಕೊಯ್ಯುವ ಗರಗಸ ಒಂದಿದ್ದರೆ ಮರದ ಮೇಲಿನ ಅರ್ಧ ಕೆಲಸ ಎಂಜಿನ್ ಇಲ್ಲದೇ ಮುಗಿಯುತ್ತದೆ. 30ರಿಂದ 36 ಸೆಂ.ಮೀ. ಅಲಗು, ಕಾಲಿಗೆ ಕಟ್ಟಿಕೊಳ್ಳುವ ಒರೆ. ಹಲ್ಲಿನ ತುದಿ ಕಪ್ಪು ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದನ್ನು ಕ್ಷಣಮಾತ್ರದ ಬಿಸಿಯಿಂದ ಗಡಸು ಮಾಡಿದ್ದಾರೆ ಎಂದರ್ಥ. ಇಂಥ ಹಲ್ಲು ಬಹಳ ದಿನ ಹರಿತವಾಗಿರುತ್ತದೆ, ಆದರೆ ಅರ ಹಿಡಿಯುವುದಿಲ್ಲ. ಮೊಂಡಾದರೆ ಅಲಗು ಬದಲಿಸುವುದೊಂದೇ ದಾರಿ. ಹಾಗಾಗಿ ಬಿಡಿ ಅಲಗು ಸಿಗುವ ಗರಗಸವನ್ನೇ ಕೊಳ್ಳಿ.

ಕತ್ತರಿಯಲ್ಲಿ ಒಂದರ ಪಕ್ಕ ಒಂದು ಅಲಗು ಜಾರುವ ಬೈಪಾಸ್ ಬಗೆ ಹಸಿ ರೆಂಬೆಗೆ. ಚಪ್ಪಟೆ ಪಟ್ಟಿಗೆ ಅಲಗು ಒತ್ತುವ ಬಗೆ ಹಸಿ ತೊಗಟೆಯನ್ನು ಜಜ್ಜುತ್ತದೆ, ಅದನ್ನು ಒಣ ಕಡ್ಡಿಗೆ ಇಟ್ಟುಕೊಳ್ಳಿ. ರೋಗ ಹಿಡಿದ ಮರದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಮೊದಲು ಸೊನೆ ಉಜ್ಜಿ ತೆಗೆದು, ಆಮೇಲೆ 70 ಶೇಕಡಾ ಆಲ್ಕೋಹಾಲ್‌ನಿಂದ ಅಲಗು ಒರೆಸಿ. ಬ್ಲೀಚ್ ಕೂಡ ರೋಗಾಣು ಕೊಲ್ಲುತ್ತದೆ, ಜೊತೆಗೆ ಅಲಗಿಗೆ ತುಕ್ಕೂ ತರುತ್ತದೆ.

ಉದ್ದ ಕೋಲಿನ ಗರಗಸ ಕೊಳ್ಳುವಾಗ ಒಂದು ಎಚ್ಚರ. ಅಲ್ಯೂಮಿನಿಯಂ ಕೋಲು ಹಗುರ, ಆದರೆ ವಿದ್ಯುತ್ ಹರಿಸುತ್ತದೆ. ಫೈಬರ್‌ಗ್ಲಾಸ್ ಕೋಲು ಒಣಗಿ ಸ್ವಚ್ಛವಾಗಿದ್ದಾಗ ಹರಿಸುವುದಿಲ್ಲ, ಒದ್ದೆಯಾದರೆ ಅದನ್ನೂ ನಂಬುವಂತಿಲ್ಲ. ತಂತಿ ಪಕ್ಕದ ಕೊಂಬೆಗೆ ಮೊದಲು ವಿದ್ಯುತ್ ಕಡಿತ, ಆಮೇಲೆ ಗರಗಸ.

ಚೈನ್ ಸಾ ಆರಿಸುವುದು

ಮೇಲೆ ಹಿಡಿ ಇರುವ ಸಣ್ಣ ಗರಗಸ ನೋಡೋಕೆ ಮುದ್ದಾಗಿರುತ್ತದೆ, ಒಂದೇ ಕೈಯಲ್ಲಿ ಹಿಡಿಯಬಹುದು ಅನ್ನಿಸುತ್ತದೆ. ಅಪಾಯ ಇರುವುದೇ ಅಲ್ಲಿ. ಅದು ತರಬೇತಾದ ಹತ್ತುವವರಿಗೆ ಮಾತ್ರ, ಅವರೂ ಎರಡು ಕೈಯಲ್ಲೇ ಹಿಡಿಯಬೇಕು. ಸಾಮಾನ್ಯವಾಗಿ 25ರಿಂದ 40 ಸಿಸಿ ಎಂಜಿನ್, 25ರಿಂದ 35 ಸೆಂ.ಮೀ. ಬಾರ್, ಅಂದರೆ ಚೈನ್ ಸುತ್ತ ಓಡುವ ಉದ್ದ ಪಟ್ಟಿ. ನೆಲದಲ್ಲಿ ದಿಮ್ಮಿ ತುಂಡು ಮಾಡಲು ಹಿಂದೆ ಹಿಡಿ ಇರುವ 50ರಿಂದ 60 ಸಿಸಿ ಗರಗಸ, 38ರಿಂದ 50 ಸೆಂ.ಮೀ. ಬಾರ್ ಸಾಕು. ಇದಕ್ಕಿಂತ ದೊಡ್ಡದು ದೊಡ್ಡ ಮರಗಳನ್ನೇ ಉರುಳಿಸುವವರಿಗೆ. ಸಣ್ಣ ಎಂಜಿನ್‌ಗೆ ಉದ್ದ ಬಾರ್ ಹಾಕುವ ಆಸೆ ಬೇಡ. ಚೈನ್ ಎಳೆಯಲು ಏದುಸಿರು ಬಿಡುತ್ತದೆ, ಎಣ್ಣೆಯೂ ತುದಿವರೆಗೆ ಹೋಗುವುದಿಲ್ಲ.

ಬ್ಯಾಟರಿಯೋ ಪೆಟ್ರೋಲೋ? ಸವರುವ ಕೆಲಸವೇ ಜಾಸ್ತಿ ಇದ್ದರೆ ನನ್ನ ಓಟು ಬ್ಯಾಟರಿಗೆ. ಮೇಲೆ ನೇತಾಡುತ್ತಾ ಹಗ್ಗ ಎಳೆದು ಎಂಜಿನ್ ಚಾಲೂ ಮಾಡುವ ಕಷ್ಟವಿಲ್ಲ, ಕೆಳಗಿರುವವರ ಕೂಗು ಕೇಳಿಸುತ್ತದೆ. ದಿನವಿಡೀ ದಪ್ಪ ದಿಮ್ಮಿ ಕೊಯ್ಯುವುದಾದರೆ ಪೆಟ್ರೋಲೇ ಸರಿ. ಬ್ಯಾಟರಿ ಗರಗಸದ ಚೈನ್ ಮುಟ್ಟುವ ಮೊದಲು ಬ್ಯಾಟರಿ ಕಳಚಿ, ಪ್ರತಿ ಸಲವೂ.

ಯಾವುದೇ ಗರಗಸ ಆರಿಸಿದರೂ ಮೂರು ಸಂಖ್ಯೆ ಬರೆದಿಟ್ಟುಕೊಳ್ಳಿ: ಚೈನಿನ ಪಿಚ್, ಗೇಜ್, ಡ್ರೈವ್ ಲಿಂಕ್‌ಗಳ ಎಣಿಕೆ. ಸಾಲಾಗಿ ಮೂರು ರಿವೆಟ್‌ಗಳ ನಡುವಿನ ದೂರದ ಅರ್ಧವೇ ಪಿಚ್. ಗೇಜ್ ಅಂದರೆ ಬಾರ್‌ನ ಸೀಳಿನಲ್ಲಿ ಕೂರುವ ಲಿಂಕ್‌ನ ದಪ್ಪ, 1.1ರಿಂದ 1.6 ಮಿ.ಮೀ. ಚೈನ್, ಬಾರ್, ಸ್ಪ್ರಾಕೆಟ್ ಮೂರೂ ಹೊಂದಬೇಕು.

ಚೈನ್ ಹರಿತ ಮಾಡುವುದು, ಹೆಜ್ಜೆ ಹೆಜ್ಜೆಯಾಗಿ

ಇಂದಿನ ಚೈನಿನ ಬಾಗಿದ ಹಲ್ಲಿನ ಹಿಂದೆ ಒಂದು ಹುಳುವಿದೆ. ಅಮೆರಿಕದ ಜೋ ಕಾಕ್ಸ್ 1946ರಲ್ಲಿ ಮರ ಕೊರೆಯುವ ದುಂಬಿಯ ಮರಿಯೊಂದು ತನ್ನ ಬಾಗಿದ ದವಡೆಯಿಂದ ಎಡಕ್ಕೆ ಬಲಕ್ಕೆ ಮರ ಕೆತ್ತುತ್ತಾ ಹೋಗುವುದನ್ನು ನೋಡಿ, ಅದೇ ರೂಪದ ಚೈನ್ ಮಾಡಿ 1947ರಲ್ಲಿ ಮಾರಾಟಕ್ಕೆ ತಂದ. ಅದಕ್ಕೇ ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಇರುವುದು. ಹರಿತ ಮಾಡುವಾಗಲೂ ಈ ಎರಡು ಕಡೆ ಸಮ ಇರಬೇಕು.

ಯಾವಾಗ ಹರಿತ ಮಾಡಬೇಕು? ಗರಗಸದಿಂದ ಉದುರುವುದನ್ನು ಅಂಗೈಗೆ ತಗೊಂಡು ನೋಡಿ. ಸಣ್ಣ ಸಣ್ಣ ಚಕ್ಕೆಗಳಿದ್ದರೆ ಚೈನ್ ಚೆನ್ನಾಗಿದೆ. ಹಿಟ್ಟಿನಂಥ ಪುಡಿ ಬಂದರೆ ಮೊಂಡಾಗಿದೆ. ಗರಗಸವನ್ನು ಒತ್ತಬೇಕಾಗಿ ಬಂದರೂ, ಹೊಗೆ ಕಂಡರೂ, ಒಂದೇ ಕಡೆಗೆ ವಾಲಿ ಕೊಯ್ದರೂ ನಿಲ್ಲಿಸಿ. ಹೆಚ್ಚು ಸಿಸಿಯ ಗರಗಸ ಬೇಕು ಎಂದು ಅಂಗಡಿಗೆ ಓಡುವವರಲ್ಲಿ ಎಷ್ಟೋ ಜನಕ್ಕೆ ನಿಜವಾಗಿ ಬೇಕಿರುವುದು ಒಂದು ಹೊಸ ಅರ.

1. ಎಂಜಿನ್ ಆರಿಸಿ, ತಣ್ಣಗಾಗಲು ಬಿಡಿ. ಬಾರನ್ನು ವೈಸ್‌ನಲ್ಲಿ ಕಚ್ಚಿಸಿ. ಚೈನ್ ಬ್ರೇಕ್ ಹಾಕಿ, ಹಲ್ಲು ಅಲುಗಬಾರದು.
2. ಸರಿಯಾದ ದುಂಡು ಅರ ಆರಿಸಿ. ಸಣ್ಣ ಗರಗಸಗಳ ಗಿಡ್ಡ (ಲೋ ಪ್ರೊಫೈಲ್) 3/8 ಇಂಚು ಪಿಚ್ ಚೈನ್‌ಗೆ 4 ಮಿ.ಮೀ., 0.325 ಇಂಚಿಗೆ 4.8, ಪೂರ್ಣ 3/8 ಇಂಚಿಗೆ 5.2 ಅಥವಾ 5.5, ತಯಾರಕರು ಹೇಳಿದ್ದು.
3. ಎಲ್ಲಕ್ಕಿಂತ ಗಿಡ್ಡವಾದ, ಹೆಚ್ಚು ಹಾಳಾದ ಹಲ್ಲು ಹುಡುಕಿ. ಅಲ್ಲಿಂದ ಶುರು ಮಾಡಿ. ಉಳಿದೆಲ್ಲವೂ ಅದರ ಉದ್ದಕ್ಕೆ ಬರಬೇಕು.
4. ಹಲ್ಲಿನ ಮೇಲಿರುವ ಗೀರು ಸಾಮಾನ್ಯವಾಗಿ 30 ಡಿಗ್ರಿ ತೋರಿಸುತ್ತದೆ. ಅರವನ್ನು ಅದಕ್ಕೆ ಸಮವಾಗಿ ಹಿಡಿಯಿರಿ. ಅರದ ಐದನೇ ಒಂದು ಭಾಗ ಹಲ್ಲಿನ ತಲೆಗಿಂತ ಮೇಲಿರಲಿ.
5. ಒಳಗಿನಿಂದ ಹೊರಕ್ಕೆ, ಮುಂದಕ್ಕೆ ಮಾತ್ರ ತಳ್ಳಿ. ವಾಪಸ್ ತರುವಾಗ ಅರ ಎತ್ತಿ. ಎರಡು ಮೂರು ಸಲ ಸಾಕು. ಅಂಚಿನಲ್ಲಿ ಬಿಳಿ ಹೊಳಪು ಕಂಡರೆ ಇನ್ನೂ ಮೊಂಡಿದೆ. ಹರಿತ ಅಂಚು ಬೆಳಕಿಗೆ ಹೊಳೆಯುವುದಿಲ್ಲ.
6. ಒಂದು ಬದಿಯ ಹಲ್ಲೆಲ್ಲ ಮುಗಿಸಿ, ಆಮೇಲೆ ಇನ್ನೊಂದು ಬದಿ. ತಳ್ಳುವ ಎಣಿಕೆ ಎರಡೂ ಕಡೆ ಒಂದೇ ಇರಲಿ.
7. ಪ್ರತಿ ಹಲ್ಲಿನ ಮುಂದೆ ಇರುವ ಗಿಡ್ಡ ಮೂಗು ಎಷ್ಟು ಆಳ ಕೊಯ್ಯಬೇಕು ಎಂದು ನಿರ್ಧರಿಸುತ್ತದೆ. ಹಲ್ಲು ಸವೆದಂತೆ ಇದನ್ನೂ ಗೇಜ್ ಇಟ್ಟು ಚಪ್ಪಟೆ ಅರದಿಂದ ತಗ್ಗಿಸಬೇಕು. ಸಾಮಾನ್ಯ ಅಳತೆ 0.65 ಮಿ.ಮೀ. ಕಣ್ಣಂದಾಜಿನಲ್ಲಿ ಜಾಸ್ತಿ ಉಜ್ಜಿದರೆ ಚೈನ್ ಮರವನ್ನು ಕಚ್ಚಿ ಎಳೆಯುತ್ತದೆ, ಗರಗಸ ಮುಖದ ಕಡೆ ಚಿಮ್ಮುವ ಅಪಾಯ ಹೆಚ್ಚುತ್ತದೆ.

ಹಲ್ಲಿನ ಮೇಲ್ಭಾಗ 4 ಮಿ.ಮೀ. ಉಳಿದಾಗ ಚೈನ್ ಬದಲಿಸಿ. ಎರಡು ಚೈನ್ ಸವೆಯುವಷ್ಟರಲ್ಲಿ ಸ್ಪ್ರಾಕೆಟ್ ಕೂಡ ಸವೆದಿರುತ್ತದೆ. ಅದರಲ್ಲಿ 0.5 ಮಿ.ಮೀ. ಆಳದ ಗುಳಿ ಕಂಡರೆ ತೆಗೆಯಿರಿ, ಇಲ್ಲದಿದ್ದರೆ ಹೊಸ ಚೈನನ್ನೂ ಅದು ಕೆಡಿಸುತ್ತದೆ.

ಚೈನಿನ ಬಿಗಿ ಹೀಗಿರಲಿ: ಬಾರ್‌ನ ಕೆಳಗೆ ಜೋತು ಬೀಳಬಾರದು, ಬ್ರೇಕ್ ಬಿಟ್ಟಾಗ ಗ್ಲೋವ್ಸ್ ಹಾಕಿದ ಕೈಯಲ್ಲಿ ಸರಾಗ ತಿರುಗಬೇಕು. ಕೆಲಸದಲ್ಲಿ ಚೈನ್ ಕಾಯ್ದು ಹಿಗ್ಗುತ್ತದೆ, ಆಗ ಬಿಗಿ ಮಾಡುತ್ತೀರಿ. ಕೆಲಸ ಮುಗಿದ ಮೇಲೆ ಸಡಿಲಿಸಲು ಮರೆಯಬೇಡಿ. ತಣ್ಣಗಾದಾಗ ಚೈನ್ ಕುಗ್ಗಿ ಕ್ರ್ಯಾಂಕ್ ಶಾಫ್ಟ್, ಬೇರಿಂಗ್‌ಗಳನ್ನು ಎಳೆಯುತ್ತದೆ.

ಗರಗಸದ ದಿನನಿತ್ಯದ ಆರೈಕೆ

ಟೂ ಸ್ಟ್ರೋಕ್ ಎಂಜಿನ್‌ಗೆ 50:1 ಎಂದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಎಣ್ಣೆ. ಅಳೆದು ಹಾಕಿ, ಅಂದಾಜು ಬೇಡ. ಒಂದು ತಿಂಗಳಿಗೆ ಬೇಕಾದಷ್ಟೇ ಬೆರೆಸಿ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರಿಕೊಂಡು ಕಾರ್ಬ್ಯುರೇಟರ್ ಕೆಡಿಸುತ್ತದೆ. ಚೈನ್ ಎಣ್ಣೆ ಬೇರೆ, ಅದು ಅಂಟಂಟಾಗಿರುತ್ತದೆ. ಗಾಡಿಯಿಂದ ಇಳಿಸಿದ ಹಳೇ ಆಯಿಲ್ ಹಾಕುವವರಿದ್ದಾರೆ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಬಾರ್ ಅರೆಯುತ್ತದೆ, ಚರ್ಮಕ್ಕೂ ಮಣ್ಣಿಗೂ ಕೆಡುಕು. ಎಣ್ಣೆ ಹರಿಯುತ್ತಿದೆಯೇ ಎಂದು ನೋಡಲು ಬಾರ್ ತುದಿಯನ್ನು ತಿಳಿಬಣ್ಣದ ಕೊರಡಿನ ಮೇಲೆ, ತಾಗಿಸದೆ ಹಿಡಿದು ಎಂಜಿನ್ ಜೋರು ಮಾಡಿ. ಸ್ವಲ್ಪ ಹೊತ್ತಿಗೆ ಎಣ್ಣೆಯ ಗೆರೆ ಮೂಡಬೇಕು.

ದಿನದ ಕೊನೆಗೆ ಸ್ಪ್ರಾಕೆಟ್ ಮುಚ್ಚಳ ಬಿಚ್ಚಿ ಪುಡಿ ತೆಗೆಯಿರಿ. ಬಾರ್‌ನ ಸೀಳು, ಎಣ್ಣೆ ಬರುವ ತೂತು ಕೆರೆದು ಸ್ವಚ್ಛ ಮಾಡಿ. ಬಾರ್ ಅಂಚಿನಲ್ಲಿ ಎದ್ದ ಸಿಬಿರನ್ನು ಚಪ್ಪಟೆ ಅರದಿಂದ ತೆಗೆದು, ಬಾರನ್ನು ಮೇಲುಕೆಳಗು ಮಾಡಿ ಹಾಕಿ, ಎರಡೂ ಅಂಚು ಸಮ ಸವೆಯುತ್ತದೆ. ಏರ್ ಫಿಲ್ಟರ್ ತೊಳೆಯಿರಿ. ಸ್ಪಾರ್ಕ್ ಪ್ಲಗ್‌ನ ಸಂದು ಸಾಮಾನ್ಯವಾಗಿ 0.5 ಮಿ.ಮೀ. ಇರುತ್ತದೆ.

ಬೆಳಿಗ್ಗೆ ಕೆಲಸಕ್ಕೆ ಮುಂಚೆ ಚೈನ್ ಬ್ರೇಕ್ ಪರೀಕ್ಷಿಸಿ. ಗರಗಸ ಓಡುತ್ತಿರುವಾಗ ಎಡಮಣಿಕಟ್ಟಿನಿಂದ ಮುಂದಿನ ತಡೆ ತಳ್ಳಿದರೆ ಚೈನ್ ತಕ್ಷಣ ನಿಲ್ಲಬೇಕು. ಎಂಜಿನ್ ನಿಧಾನಗತಿಯಲ್ಲಿರುವಾಗ ಚೈನ್ ತಿರುಗಲೇಬಾರದು. ತಿರುಗಿದರೆ ಐಡಲ್ ಸ್ಕ್ರೂ ಸರಿಮಾಡಿ, ಆಗಲೂ ನಿಲ್ಲದಿದ್ದರೆ ಕ್ಲಚ್ ರಿಪೇರಿಗೆ ಕೊಡಿ. ಇವೆರಡರಲ್ಲಿ ಒಂದು ಕೆಟ್ಟಿದ್ದರೂ ಅಂದು ಆ ಗರಗಸ ಮರ ಹತ್ತುವುದು ಬೇಡ.

ಕೊಂಬೆ ಇಳಿಸುವ ಸಾಮಾನು

ಭಾರ ಇಳಿಸುವ ಹಗ್ಗ ಬೇರೆ, ಹತ್ತುವ ಹಗ್ಗ ಬೇರೆ. ಒಂದನ್ನು ಇನ್ನೊಂದಕ್ಕೆ ಬಳಸಬೇಡಿ, ಬಣ್ಣವೇ ಬೇರೆ ಇರಲಿ. ಹಸಿ ಗಟ್ಟಿಮರ ಘನ ಮೀಟರಿಗೆ ಒಂದು ಟನ್ ಆಸುಪಾಸು ತೂಗುತ್ತದೆ. 40 ಸೆಂ.ಮೀ. ದಪ್ಪ, ಒಂದು ಮೀಟರ್ ಉದ್ದದ ತುಂಡು ಅಂದರೆ ಸುಮಾರು 125 ಕೆಜಿ. ದಪ್ಪ ಎರಡರಷ್ಟಾದರೆ ತೂಕ ನಾಲ್ಕರಷ್ಟು, 500 ಕೆಜಿ. ಮೇಲೆ ರಾಟೆಗೆ ಹಾಕಿ ಕೆಳಗೆ ಬುಡದಲ್ಲಿ ಹಿಡಿದಾಗ ರಾಟೆ ಕಟ್ಟಿದ ಜಾಗಕ್ಕೆ ಬೀಳುವುದು ಹೆಚ್ಚುಕಡಿಮೆ ಇದರ ಎರಡರಷ್ಟು. ತುಂಡು ಸ್ವಲ್ಪ ದೂರ ಬಿದ್ದು ಹಗ್ಗಕ್ಕೆ ಜಗ್ಗಿದರೆ ಇನ್ನೂ ಹಲವು ಪಟ್ಟು. ಗಂಟು ಹಾಕಿದಾಗ ಹಗ್ಗದ ಬಲ ಕಾಲು ಭಾಗದಿಂದ ಅರ್ಧದವರೆಗೂ ಕುಗ್ಗುತ್ತದೆ. ಅದಕ್ಕೇ ಹಗ್ಗ ಹರಿಯುವ ಬಲದ ಹತ್ತನೇ ಒಂದು ಭಾಗವನ್ನೇ ಕೆಲಸದ ಮಿತಿ ಎಂದು ಹಿಡಿಯುವ ರೂಢಿ. ಅನುಮಾನ ಬಂದರೆ ಸಣ್ಣ ತುಂಡು ಕಡಿಯಿರಿ.

ಕಡಿದ ಕೊಂಬೆಗಳನ್ನು ಚೂರು ಮಾಡುವ ಚಿಪ್ಪರ್ ಯಂತ್ರ ಇದ್ದರೆ ಎರಡೇ ಮಾತು. ಅಲಗುಗಳನ್ನು ಜೊತೆಯಾಗಿಯೇ ಹರಿತ ಮಾಡಿಸಿ, ಒಂದು ಹಗುರ ಒಂದು ಭಾರ ಆದರೆ ಚಕ್ರ ನಡುಗುತ್ತದೆ. ಮುಚ್ಚಳ ತೆಗೆಯುವ ಮುಂಚೆ ಕೀಲಿ ಕಳಚಿ ಜೇಬಿಗಿಟ್ಟು, ಚಕ್ರ ಪೂರ್ತಿ ನಿಂತ ಮೇಲೆ ಪಿನ್ ಹಾಕಿ. ಎಂಜಿನ್ ಆರಿಸಿದ ಎಷ್ಟೋ ಹೊತ್ತಿನ ತನಕ ಅದು ಸುತ್ತುತ್ತಲೇ ಇರುತ್ತದೆ.

ಬಹಳ ದಿನ ಇಡುವುದಾದರೆ, ಲೆಕ್ಕ ಬರೆಯುವುದಾದರೆ

ತಿಂಗಳುಗಟ್ಟಲೆ ಕೆಲಸ ಇಲ್ಲದಿದ್ದರೆ ಪೆಟ್ರೋಲ್ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ, ಚೈನ್ ಬಿಚ್ಚಿ ಎಣ್ಣೆ ಸವರಿ ಇಡಿ. ಲಿಥಿಯಂ ಬ್ಯಾಟರಿಯನ್ನು ಪೂರ್ತಿ ತುಂಬಿಸದೆ, ಪೂರ್ತಿ ಖಾಲಿಯೂ ಬಿಡದೆ, ಅರ್ಧ ಚಾರ್ಜ್‌ನಲ್ಲಿ ತಂಪು ಜಾಗದಲ್ಲಿಡಿ. ಹಗ್ಗ, ಹಾರ್ನೆಸ್ ಬಿಸಿಲು ಬೀಳದ ಕಡೆ, ಇಲಿ ತಲುಪದ ಎತ್ತರದಲ್ಲಿ ತೂಗಲಿ.

ಪ್ರತಿ ಹಗ್ಗ, ಹಾರ್ನೆಸ್, ಕ್ಯಾರಬಿನರ್‌ಗೂ ನಂಬರ್ ಇರಲಿ, ಒಂದು ಪುಸ್ತಕದಲ್ಲಿ ಕೊಂಡ ದಿನ, ತಯಾರಾದ ದಿನ, ಪರೀಕ್ಷಿಸಿದ ದಿನ ಬರೆಯಿರಿ. ಬ್ರಿಟನ್ನಿನಲ್ಲಿ ಹತ್ತುವ ಸಾಮಾನನ್ನು 6 ತಿಂಗಳಿಗೊಮ್ಮೆ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕೆಂಬ ನಿಯಮವಿದೆ. ನಿಮ್ಮಲ್ಲಿ ನಿಯಮ ಇರಲಿ ಬಿಡಲಿ, ಆ ಲೆಕ್ಕ ಇಟ್ಟುಕೊಳ್ಳಬಹುದು. ಬಟ್ಟೆ, ನಾರಿನ ಸಾಮಾನಿಗೆ ಹಲವು ತಯಾರಕರು ಗರಿಷ್ಠ 10 ವರ್ಷ ಎನ್ನುತ್ತಾರೆ. ದಿನಾ ದುಡಿಯುವ ಹಗ್ಗ ಅಷ್ಟು ಬಾಳುವುದಿಲ್ಲ. ನಂಬರ್ ಬರೆಯುವಾಗ ಸಿಕ್ಕ ಮಾರ್ಕರ್ ಪೆನ್ನಿನಿಂದ ಹಗ್ಗದ ಮೈಮೇಲೆ ಗೀಚಬೇಡಿ, ಶಾಯಿಯ ರಸಾಯನ ನಾರನ್ನು ಕೆಡಿಸಬಹುದು. ತುದಿಗೆ ಟೇಪ್ ಸುತ್ತಿ ಅದರ ಮೇಲೆ ಬರೆಯಿರಿ.